ಗೆಜ್ಜೆ ಕಟ್ಟಿದ ಗಂಡಸರು

ಬ್ಯಾಲೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಬಿಳಿಯ ಉಡುಪು ತೊಟ್ಟು ಕಾಲ್ಬೆರಳ ತುದಿಯ ಮೇಲೆ ನಿಂತ ಹೆಣ್ಣಿನ ಚಿತ್ರ. ಆ ಚಿತ್ರದಲ್ಲಿ ಗಂಡಸು ಇದ್ದರೂ ಅವನು ಹಿಂದೆ ಎಲ್ಲಿಯೋ ಇರುತ್ತಾನೆ. ಅವಳನ್ನು ಎತ್ತಿ ಇಳಿಸಿದಲ್ಲಿಗೆ ಅವನ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಮಗಳನ್ನು ಭರತನಾಟ್ಯದ ತರಗತಿಗೆ ಹೆಮ್ಮೆಯಿಂದ ಕಳುಹಿಸುವ ತಂದೆ, ಮಗನೂ ಅದೇ ಆಸೆಯನ್ನು ಹೇಳಿದರೆ ಮಾತು ಬದಲಿಸುತ್ತಾನೆ. ಗಂಡಸಿನ ಕುಣಿತವೆಂದರೆ ನಮ್ಮ ಪಟ್ಟಣಗಳ ವಿದ್ಯಾವಂತರ ಮನೆಗಳಲ್ಲಿ ಇಂದಿಗೂ ಒಂದು ಬಗೆಯ ಮುಜುಗರ. ಈ ಮುಜುಗರ ಎಲ್ಲಿಂದ ಬಂತು? ಅದು ನಮ್ಮದೇ ಹೌದೆ? ಇದನ್ನು ವಿಚಾರಿಸುವುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ಕಾಫಿಯ ಬೆಟ್ಟಗಳಿಂದಲೇ ಹೊರಡಬಹುದು.

ನಾನು ಹುಟ್ಟಿ ಬೆಳೆದದ್ದು ಮೂಡಿಗೆರೆಯ ಕಡೆ. ಕಾಫಿ ಕೊಯ್ಲು ಮುಗಿದು, ಕಣದಲ್ಲಿ ಹಣ್ಣು ಒಣಗಿ, ಕೂಲಿಯ ಲೆಕ್ಕ ಚುಕ್ತಾ ಆಗುವ ಹೊತ್ತಿಗೆ ಚಾರ್ಮಾಡಿ ಘಾಟಿಯನ್ನು ಹತ್ತಿ ಯಕ್ಷಗಾನದ ಮೇಳಗಳು ಬರುತ್ತಿದ್ದವು. ಕಂಬಳಿ ಹೊದ್ದು ಕುಳಿತ ನಮಗೆ ನಿದ್ದೆ ಹಾರಿಹೋಗುತ್ತಿದ್ದುದು ಅಭಿಮನ್ಯು, ಬಭ್ರುವಾಹನರಂಥ ಪುಂಡುವೇಷಗಳು ರಂಗಕ್ಕೆ ಬಂದಾಗ. ತೆಂಕುತಿಟ್ಟಿನ ದಿಗಿಣವನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ನರ್ತಕ ಗಾಳಿಯಲ್ಲಿ ಸುತ್ತುತ್ತ, ನೆಲವನ್ನು ಮುಟ್ಟಿದೊಡನೆ ಮತ್ತೆ ಚಿಮ್ಮುತ್ತ ರಂಗವನ್ನೇ ಒಂದು ಬಳಸು ಬರುತ್ತಾನೆ. ಬಡಗಿನವರದು ಮಂಡಿ, ಮೊಣಕಾಲನ್ನು ನೆಲಕ್ಕೂರಿ ಬುಗುರಿಯಂತೆ ತಿರುಗುವ ಕುಣಿತ. ಒಂದು ಬೆಳಗಿನ ಜಾವ ಚೌಕಿಯ ಹಿಂದೆ ಹೋಗಿ ಇಣುಕಿದೆ. ರಾತ್ರಿ ಚಕ್ರವ್ಯೂಹವನ್ನು ಹೊಕ್ಕಿದ್ದ ಅಭಿಮನ್ಯು ಮೋಟು ಬೀಡಿ ಸೇದುತ್ತ, ಊದಿದ ಪಾದಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟುಕೊಂಡು ಕುಳಿತಿದ್ದ. ಕುಣಿತವೂ ಒಂದು ದುಡಿಮೆ ಎಂಬುದು ನನಗೆ ತಿಳಿದದ್ದು ಅಂದು.

ನಮ್ಮ ಜಿಲ್ಲೆಯದೇ ಆದ ವೀರಗಾಸೆಯನ್ನು ನೋಡಿ. ತಲೆಗೆ ಬಿಳಿಯ ಕೇಶ, ಕೊರಳಲ್ಲಿ ರುದ್ರಾಕ್ಷಿ, ಎದೆಯ ಮೇಲೆ ವೀರಭದ್ರನ ಹಲಗೆ, ಕೈಯಲ್ಲಿ ಕತ್ತಿ. ಒಡಪು ಹೇಳುತ್ತ, ಸಂಬಾಳ ಕರಡೆಗಳ ಬಡಿತಕ್ಕೆ ಗಂಡಸರು ಕುಣಿಯುತ್ತಾರೆ. ಇದನ್ನು ಕಂಡು ನಾಚಿದವರನ್ನು ನಾನು ಕಾಣೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವೀರಗಾಸೆಯವನು ಕುಣಿದರೆ ಅದು ದೇವರ ಸೇವೆ. ಯಕ್ಷಗಾನದವನು ಕುಣಿದರೆ ಅದು ಪುರಾಣದ ಕಥೆ, ಅದಕ್ಕಿಂತ ಮಿಗಿಲಾಗಿ ಅರ್ಥಗಾರಿಕೆ. ನಾವು ಗಂಡಸಿನ ಕುಣಿತವನ್ನು ಒಪ್ಪಿಕೊಂಡದ್ದು ನಿಜ, ಆದರೆ ಯಾವುದಾದರೊಂದು ನೆಪವನ್ನು ಮುಂದಿಟ್ಟು ಒಪ್ಪಿಕೊಂಡೆವು. ಬರಿಯ ಕುಣಿತಕ್ಕಾಗಿ ಅವನನ್ನು ಮೆಚ್ಚಿದ್ದು ಕಡಿಮೆ.

ಬ್ಯಾಲೆಯ ತವರಿನಲ್ಲೂ ಈ ಕಥೆ ಸರಳವಾಗಿಲ್ಲ. 1653ರಲ್ಲಿ ಫ್ರಾನ್ಸಿನ ಹದಿನಾಲ್ಕು ವರ್ಷದ ದೊರೆ ಹದಿನಾಲ್ಕನೆಯ ಲೂಯಿ ಸೂರ್ಯನ ವೇಷ ಧರಿಸಿ ತನ್ನ ಆಸ್ಥಾನದಲ್ಲಿ ಕುಣಿದ. ಅಂದು ನೃತ್ಯ ರಾಜಯೋಗ್ಯವಾದ ಗಂಡುಕಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಳಿ ತಿರುಗಿತು. ಗಂಡಸು ಆಸರೆಯ ಕಂಬವಾದ. 1870ರಲ್ಲಿ ಪ್ಯಾರಿಸ್ಸಿನಲ್ಲಿ ‘ಕೊಪೇಲಿಯ’ ಎಂಬ ಬ್ಯಾಲೆ ಮೊದಲು ರಂಗಕ್ಕೆ ಬಂದಾಗ ಅದರ ನಾಯಕನ ಪಾತ್ರವನ್ನೇ ಒಬ್ಬ ಹೆಂಗಸು ವಹಿಸಿದಳೆಂದರೆ ಪುರುಷ ನರ್ತಕ ಎಷ್ಟು ಕಡೆಗಣಿಸಲ್ಪಟ್ಟಿದ್ದನೆಂಬುದನ್ನು ಊಹಿಸಬಹುದು. 1909ರಲ್ಲಿ ರಷ್ಯದ ತಂಡ ಪ್ಯಾರಿಸ್ಸಿಗೆ ಬಂದು, ನಿಜಿನ್ಸ್ಕಿ ಎಂಬ ತರುಣ ರಂಗದ ಮೇಲೆ ನೆಗೆದಾಗ, ಮರೆತುಹೋದದ್ದು ಜನಕ್ಕೆ ನೆನಪಾಯಿತು. ಮುಂದೆ ನುರೆಯೆವ್ ಬಂದ. 1995ರಲ್ಲಿ ಮ್ಯಾಥ್ಯೂ ಬೋರ್ನ್ ‘ಹಂಸ ಸರೋವರ’ದ ಹಂಸಗಳನ್ನೆಲ್ಲ ಗಂಡಸರಿಂದಲೇ ಕುಣಿಸಿದ. ಹೀಗೆ ಪಶ್ಚಿಮದವರು ಕಳೆದುಕೊಂಡದ್ದನ್ನು ಹುಡುಕಿ ಪಡೆದುಕೊಂಡರು.

ನಮ್ಮಲ್ಲಿ ಕಳೆದುಹೋಗದೆ ಇದ್ದದ್ದನ್ನು ಬೆಳಕಿಗೆ ಹಿಡಿದವರು ಕೋಟ ಶಿವರಾಮ ಕಾರಂತರು. ಸ್ವತಃ ಗೆಜ್ಜೆ ಕಟ್ಟಿ ಕುಣಿದವರು ಅವರು. ‘ಯಕ್ಷಗಾನ ಬಯಲಾಟ’ ಎಂಬ ಗ್ರಂಥಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು. ಯಕ್ಷಗಾನ ಬ್ಯಾಲೆ ಎಂಬ ಪ್ರಯೋಗದಲ್ಲಿ ಅವರು ಮಾಡಿದ ದೊಡ್ಡ ಸಾಹಸವೆಂದರೆ ಮಾತನ್ನು ಕಳಚಿದ್ದು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ತಾಸುಗಳಿಗೆ ಇಳಿಸಿದರು. ಅರ್ಥಗಾರಿಕೆಯನ್ನು ಕೈಬಿಟ್ಟು ಪದ್ಯ, ರಾಗ, ತಾಳ, ಕುಣಿತಗಳಿಂದಲೇ ಕಥೆ ಸಾಗಬೇಕೆಂದರು. ಚೆಂಡೆ ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನುಗಳನ್ನೂ ತಂದರು. ನಾನು ಎಂ.ಎ. ಓದುತ್ತಿದ್ದಾಗ ಇಂಥದೊಂದು ಪ್ರಯೋಗವನ್ನು ನೋಡಿದೆ. ಮಾತು ಈಗ ಬಂದೀತು, ಈಗ ಬಂದೀತು ಎಂದು ಕೊನೆಯವರೆಗೆ ಕಾದೆ, ಬರಲಿಲ್ಲ. ಊಟದಲ್ಲಿ ಉಪ್ಪಿಲ್ಲವೆಂದು ಗೆಳೆಯರೊಡನೆ ಹಾಸ್ಯ ಮಾಡಿದೆ. ರಂಗದಲ್ಲಿ ನಡೆದದ್ದನ್ನು ನೋಡುವ ಕಣ್ಣೇ ನನಗೆ ಇರಲಿಲ್ಲವೆಂಬುದು ಅಂದು ಹೊಳೆಯಲಿಲ್ಲ.

ಆ ಕುರುಡಿನ ಬೆಲೆಯನ್ನು ತೆತ್ತವನು ನಾನಲ್ಲ, ನನ್ನೊಬ್ಬ ವಿದ್ಯಾರ್ಥಿ. ಎಂಬತ್ತರ ದಶಕದ ಕೊನೆಯಲ್ಲಿ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಕಾರ್ಯಕ್ರಮಗಳನ್ನು ಆರಿಸುವ ಹೊಣೆ ನನ್ನದಾಗಿತ್ತು. ಕಳಸದ ಕಡೆಯ ಹುಡುಗನೊಬ್ಬ ಬಂದು, ಅಭಿಮನ್ಯುವಿನ ಪ್ರಸಂಗವನ್ನು ಮಾತಿಲ್ಲದೆ ಹದಿನೈದು ನಿಮಿಷ ಕುಣಿಯುತ್ತೇನೆ ಎಂದ. ‘ಬರಿಯ ಕುಣಿತಕ್ಕೆ ಅಷ್ಟು ಹೊತ್ತೇಕಯ್ಯ? ಎರಡು ಸುತ್ತು ಕುಣಿದು ಅರ್ಥ ಹೇಳು’ ಎಂದೆ. ‘ನನಗೆ ಮಾತು ಬರೋಲ್ಲ ಸಾರ್, ಕಾಲಲ್ಲೇ ಹೇಳ್ತೀನಿ’ ಎಂದ. ಸುತ್ತಲಿದ್ದವರು ನಕ್ಕರು, ಅವರೊಡನೆ ನಾನೂ ನಕ್ಕೆ. ಮರುದಿನ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ, ತಾನೇ ಹೊಡೆದುಹಾಕಿಸಿದ್ದ. ಬಹಳ ವರ್ಷಗಳ ಮೇಲೆ ಕಳಸದಲ್ಲಿ ಒಂದು ಆಟದ ದಿನ ಸಿಕ್ಕಿದ. ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ. ಚೆಂಡೆ ಏರಿದಾಗ ಅವನ ಪಾದ ಚಪ್ಪಲಿಯನ್ನು ಬಿಟ್ಟು ತಾಳ ಹಿಡಿಯುತ್ತಿದ್ದುದನ್ನು ಕಂಡೆ. ‘ಈಗಲೂ ಕುಣಿಯುತ್ತೀಯೇನಪ್ಪ?’ ಎಂದು ಕೇಳಿದೆ. ‘ಕಾಲು ಕೇಳುತ್ತೆ ಸಾರ್, ಮಂಡಿ ಕೇಳೋಲ್ಲ’ ಎಂದು ನಕ್ಕ. ಆ ನಗೆಯಲ್ಲಿ ದೂರು ಇರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು. ನರ್ತಕನ ಪಾಲಿಗೆ ಕಾಲವೆಂಬುದು ಕವಿಗೆ ಇರುವಂಥದಲ್ಲ. ಕವಿ ಅರವತ್ತರಲ್ಲಿ ಬರೆಯಲು ತೊಡಗಬಹುದು. ನರ್ತಕನ ಇಪ್ಪತ್ತು ಕಳೆದರೆ ಕಳೆದಂತೆಯೇ.

ಹೀಗೆ ನಕ್ಕವರನ್ನು ಲೆಕ್ಕಿಸದೆ ಮುಂದೆ ನಡೆದವರೂ ನಮ್ಮ ನಾಡಿನಲ್ಲಿದ್ದಾರೆ. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮಗೋಪಾಲ್ ಕಥಕ್ಕಳಿಯನ್ನೂ ಭರತನಾಟ್ಯವನ್ನೂ ಕಲಿತು 1939ರಲ್ಲಿ ಲಂಡನ್ನಿನಲ್ಲಿ ಕುಣಿದರು. ಪಶ್ಚಿಮದ ರಸಿಕರು ಅವರನ್ನು ಭಾರತದ ನಿಜಿನ್ಸ್ಕಿ ಎಂದರು. ಅದೇ 1912ರಲ್ಲಿ ಹುಟ್ಟಿದ ಯು.ಎಸ್. ಕೃಷ್ಣರಾಯರು ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಪಾಠ ಹೇಳುತ್ತ, ಪತ್ನಿ ಚಂದ್ರಭಾಗಾದೇವಿಯವರೊಡನೆ ರಂಗವೇರಿ, ಮೇಷ್ಟರು ಗೆಜ್ಜೆ ಕಟ್ಟಬಾರದೆಂಬ ಮಾತನ್ನು ಸುಳ್ಳುಮಾಡಿದರು. ಕೆರೆಮನೆ ಶಂಭು ಹೆಗಡೆಯವರು ಯಕ್ಷಗಾನದ ಮನೆತನದಲ್ಲಿ ಹುಟ್ಟಿಯೂ ದೆಹಲಿಗೆ ಹೋಗಿ ಮಾಯಾ ರಾವ್ ಅವರಲ್ಲಿ ನೃತ್ಯ ಸಂಯೋಜನೆಯನ್ನು ಅಭ್ಯಾಸ ಮಾಡಿ ಬಂದರು. 2009ರಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ ರಾತ್ರಿಯೇ ತೀರಿಕೊಂಡರು. ಪಕ್ಕದ ಮುಂಬಯಿಯಿಂದ, ವೆಲ್ಡಿಂಗ್ ಕೆಲಸಗಾರನೊಬ್ಬನ ಮಗ ಆಮಿರುದ್ದೀನ್ ಶಾ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಗೆ ಆಯ್ಕೆಯಾದ. ಆ ಹುಡುಗನ ಮೊದಲ ಕುಪ್ಪಳಿಕೆಯನ್ನು ಕಂಡ ಗುರುವೊಬ್ಬ ನಗದೆ ಇದ್ದದ್ದು ಅವನ ಪುಣ್ಯ.

ಇನ್ನೊಂದು ಮಾತನ್ನು ಹೇಳದೆ ಮುಗಿಸಿದರೆ ಅನ್ಯಾಯವಾದೀತು. ನಮ್ಮ ಹಳೆಯ ರಂಗವನ್ನು ಗಂಡಸರೇ ಆಳಿದ್ದರಲ್ಲಿ ಹೆಂಗಸರಿಗೆ ಬಾಗಿಲು ಮುಚ್ಚಿದ್ದೂ ಸೇರಿದೆ. ಇಂದು ಅವರೂ ಪುಂಡುವೇಷ ಕಟ್ಟಿ ದಿಗಿಣ ಹಾಕುತ್ತಿದ್ದಾರೆ. ಅದು ಸಂತೋಷದ ಸಂಗತಿ. ಗಂಡು ನರ್ತಕನನ್ನು ಮೆಚ್ಚುವುದೆಂದರೆ ಹೆಣ್ಣಿನ ಪಾಲನ್ನು ಕಿತ್ತುಕೊಳ್ಳುವುದಲ್ಲ. ಕುಣಿಯುವ ದೇಹ ಯಾರದೇ ಆಗಿರಲಿ, ಅದು ಕಾಲಲ್ಲಿ ಹೇಳುವುದನ್ನು ಕಿವಿಗೆ ಕಾಯದೆ ಕಣ್ಣಿನಿಂದ ಕೇಳಿಸಿಕೊಳ್ಳುವುದು, ಅಷ್ಟೆ.

ಸಾಹಿತ್ಯದವರಾದ ನಮಗೆ ಮಾತೇ ದೊಡ್ಡದು. ಆಟ ನೋಡಿ ಬಂದ ಮೇಲೆ ಯಾರು ಏನು ಅರ್ಥ ಹೇಳಿದರೆಂಬುದನ್ನು ವಾರಗಟ್ಟಲೆ ಮೆಲುಕು ಹಾಕುತ್ತೇವೆ. ಕುಣಿದವನ ಹೆಸರು ಮರುದಿನವೇ ಮರೆಯುತ್ತದೆ. ಈ ಬಾರಿ ಘಟ್ಟದ ಮೇಲೆ ಮೇಳ ಬಂದಾಗ, ಪುಂಡುವೇಷದ ಹುಡುಗನ ಹೆಸರನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮ ಮನೆಯ ಹುಡುಗ ಗೆಜ್ಜೆ ಕೇಳಿದರೆ, ಉತ್ತರ ಕೊಡುವ ಮೊದಲು ಅವನು ಕುಣಿಯುವುದನ್ನು ಒಮ್ಮೆ ಪೂರ್ತಿಯಾಗಿ ನೋಡಿ. ಅದಕ್ಕೆ ಹದಿನೈದು ನಿಮಿಷ ಸಾಕು. ಆ ಹದಿನೈದು ನಿಮಿಷವನ್ನು ನಾನು ಒಬ್ಬನಿಗೆ ಕೊಡಲಿಲ್ಲ.