ಇಬೆಲಿನ್ ತೀರಿಕೊಂಡ ಸುದ್ದಿ ಯಾರಿಗೆ ಹೇಳಬೇಕಿತ್ತು?

ಮನೆಯಲ್ಲೊಂದು ಸಾವಾದರೆ ನಮ್ಮಲ್ಲಿ ಮೊದಲ ಕೆಲಸ ಸುದ್ದಿ ಮುಟ್ಟಿಸುವುದು. ಯಾರಿಗೆ ಫೋನ್ ಮಾಡಬೇಕು, ಯಾರಿಗೆ ಹೇಳದಿದ್ದರೆ ಕೊನೆಯವರೆಗೂ ಮಾತು ಕೇಳಬೇಕಾಗುತ್ತದೆ ಎಂಬುದು ಎಷ್ಟೇ ಅಳುವಿನ ನಡುವೆಯೂ ಮನೆಯ ಯಾರಾದರೊಬ್ಬರಿಗೆ ನೆನಪಿರುತ್ತದೆ. ಆದರೆ ತೀರಿಕೊಂಡವನ ಹತ್ತಿರದ ಗೆಳೆಯರೆಲ್ಲ ಕಂಪ್ಯೂಟರ್ ಆಟವೊಂದರ ಒಳಗಿದ್ದರೆ? ಅವರ ಊರು ಗೊತ್ತಿಲ್ಲ, ನಿಜವಾದ ಹೆಸರೂ ಗೊತ್ತಿಲ್ಲ.

ನಾರ್ವೆಯ ಓಸ್ಲೋದಲ್ಲಿ ಮಾಟ್ಸ್ ಸ್ಟೀನ್ ಎಂಬ ಯುವಕ 2014ರ ನವೆಂಬರಿನಲ್ಲಿ ತೀರಿಕೊಂಡ. ವಯಸ್ಸು 25. ಅವನಿಗಿದ್ದದ್ದು ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ. ಸ್ನಾಯುಗಳನ್ನು ಕಾಯುವ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನು ದೇಹ ತಯಾರಿಸಲಾಗದ, ಹೆಚ್ಚಾಗಿ ಗಂಡುಮಕ್ಕಳನ್ನೇ ಹಿಡಿಯುವ ವಂಶವಾಹಿ ಕಾಯಿಲೆ ಅದು. ನಡಿಗೆ ಹೋಗುತ್ತದೆ, ಕೈ ಸೋಲುತ್ತದೆ, ಕೊನೆಗೆ ಉಸಿರು ಮತ್ತು ಹೃದಯದ ಸರದಿ. ಮನೆಯಲ್ಲಿ ತನಗೆಂದೇ ಇದ್ದ ಭಾಗದಲ್ಲಿ ಕುಳಿತು, ಬೆರಳುಗಳಲ್ಲಿ ಉಳಿದಿದ್ದ ಅಷ್ಟಿಷ್ಟು ಶಕ್ತಿಯಿಂದ ಅವನು 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಡುತ್ತಿದ್ದ. ಬದುಕಿನ ಕೊನೆಯ ಹತ್ತು ವರ್ಷಗಳಲ್ಲಿ ಹದಿನೈದರಿಂದ ಇಪ್ಪತ್ತು ಸಾವಿರ ಗಂಟೆ ಅಲ್ಲಿ ಕಳೆದಿದ್ದ. ಅಪ್ಪ ರಾಬರ್ಟ್, ಅಮ್ಮ ಟ್ರೂಡ ಮಗನ ಪಕ್ಕದಲ್ಲೇ ಇದ್ದವರು, ಅವನನ್ನು ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡವರು. ಅವರ ಕೊರಗು ಒಂದೇ: ಗೆಳೆತನ, ಪ್ರೀತಿ, ಯಾರಿಗಾದರೂ ಉಪಕಾರಕ್ಕೆ ಬರುವ ಸುಖ, ಇದೊಂದೂ ನಮ್ಮ ಮಗನಿಗೆ ಸಿಗಲಿಲ್ಲವಲ್ಲ.

ಮಾಟ್ಸ್ ಒಂದು ಬ್ಲಾಗ್ ಬರೆಯುತ್ತಿದ್ದ. ಅದರ ಪಾಸ್‌ವರ್ಡ್ ಅಪ್ಪ ಅಮ್ಮನ ಬಳಿ ಇತ್ತು. ಮಗ ಇನ್ನಿಲ್ಲ ಎಂದು ರಾಬರ್ಟ್ ಅದರಲ್ಲಿ ನಾಲ್ಕು ಸಾಲು ಬರೆದರು. ಯಾರಾದರೂ ಮಾತಾಡಬೇಕೆಂದರೆ ಇರಲಿ ಎಂದು ಕೆಳಗೆ ತಮ್ಮ ಇಮೇಲ್ ವಿಳಾಸವನ್ನೂ ಹಾಕಿದರು. ಆಮೇಲೆ ಇಮೇಲುಗಳು ಬರತೊಡಗಿದವು. ಒಂದಲ್ಲ ಎರಡಲ್ಲ, ಒಂದರ ಹಿಂದೊಂದು, ದೇಶ ದೇಶಗಳಿಂದ. ಬರೆದವರೆಲ್ಲ ಹೇಳಿದ್ದು ಇಬೆಲಿನ್ ಎಂಬವನ ಬಗ್ಗೆ.

ಇಬೆಲಿನ್ ರೆಡ್‌ಮೂರ್ ಆಟದಲ್ಲಿ ಮಾಟ್ಸ್‌ನ ಹೆಸರು. ಎತ್ತರದ ಮೈಕಟ್ಟು, ವೃತ್ತಿಯಿಂದ ಪತ್ತೇದಾರ. 'ಸ್ಟಾರ್‌ಲೈಟ್' ಎಂಬ ಗಿಲ್ಡ್‌ನ ಸದಸ್ಯ. ಗಿಲ್ಡ್ ಎಂದರೆ ಒಟ್ಟಿಗೆ ಆಡುವವರು ಕಟ್ಟಿಕೊಂಡ ಬಳಗ. ಇದರಲ್ಲಿದ್ದದ್ದು ಮೂವತ್ತರ ಆಸುಪಾಸಿನ ಜನ. ಯಾರು ಬೇಕಾದರೂ ಬಂದು ಸೇರುವಂತಿರಲಿಲ್ಲ, ಕೆಲವು ದಿನ ಜೊತೆಗಿಟ್ಟುಕೊಂಡು ನೋಡಿ ಆಮೇಲೆ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಲಾಗಿನ್ ಆದೊಡನೆ ಇಬೆಲಿನ್ ಮೊದಲು ಮಾಡುತ್ತಿದ್ದದ್ದು ಓಟ. ಗಾಲಿಕುರ್ಚಿಯಲ್ಲಿದ್ದ ಹುಡುಗ ಕಾಡು, ಊರು, ಹೊಳೆ ದಾಟಿ ಓಡುತ್ತಿದ್ದ.

ಇಮೇಲುಗಳಲ್ಲಿ ಬಂದ ಎರಡು ಸಂಗತಿಗಳನ್ನು ಹೇಳಲೇಬೇಕು. ನೆದರ್ಲೆಂಡ್ಸ್‌ನ ಒಬ್ಬ ಹುಡುಗಿಯಿಂದ ಅವಳ ಮನೆಯವರು ಕಂಪ್ಯೂಟರ್ ಕಿತ್ತುಕೊಂಡಿದ್ದರು. ಅವಳು ಕುಗ್ಗಿಹೋಗಿದ್ದಳು. ಮಾಟ್ಸ್ ಅವಳ ತಂದೆತಾಯಿಗೆ ಪತ್ರ ಬರೆದು, ಆಟದ ಗೆಳೆಯರು ಅವಳಿಗೆ ಎಷ್ಟು ಮುಖ್ಯ ಎಂದು ವಿನಯದಿಂದ ತಿಳಿಸಿದ್ದ. ಡೆನ್ಮಾರ್ಕಿನ ಒಬ್ಬ ತಾಯಿಯದು ಬೇರೆ ಕಥೆ. ಮಗನಿಗೆ ಆಟಿಸಂ, ಅವನನ್ನು ತಬ್ಬಿಕೊಳ್ಳಲು ಆಕೆಗೆ ಆಗುತ್ತಿರಲಿಲ್ಲ. ಅವನ ಜೊತೆ ಸೇರಿ ಆಡಿ ಎಂದವನು ಮಾಟ್ಸ್. ಅಮ್ಮ ಮಗನ ಮೊದಲ ಅಪ್ಪುಗೆ ಆಟದ ಪಾತ್ರಗಳ ನಡುವೆ ನಡೆಯಿತು. ಮುಂದೆ ಅದು ಮನೆಯೊಳಗೂ ಬಂತು.

ಮಾಟ್ಸ್ ತನ್ನ ಕಾಯಿಲೆಯನ್ನು ಗಿಲ್ಡ್‌ನವರಿಂದ ವರ್ಷಗಟ್ಟಲೆ ಮುಚ್ಚಿಟ್ಟಿದ್ದ. ಮೈ ಹದಗೆಡುತ್ತ ಹೋದಂತೆ ಸಿಡುಕಿದ, ಮನಸ್ಸು ನೋಯಿಸಿದ, ಜಗಳವಾಡಿ ದೂರವೂ ಉಳಿದ. ಕೊನೆಗೆ ಕಾಯಿಲೆಯನ್ನು ಬಹಿರಂಗ ಮಾಡಿ ಕ್ಷಮೆ ಕೇಳಿದ. ಇದನ್ನೇಕೆ ಹೇಳುತ್ತಿದ್ದೇನೆಂದರೆ, ಕೋಪ ತಾಪ ಉಂಡು, ಮುನಿಸಿಕೊಂಡು, ಮತ್ತೆ ಒಂದಾದವರ ನಡುವೆ ಇರುವುದನ್ನು ಬರೀ ಪರದೆಯ ಪರಿಚಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂತ್ಯಕ್ರಿಯೆಗೆ ಗಿಲ್ಡ್‌ನಿಂದ ಐವರು ಓಸ್ಲೋಗೆ ಬಂದರು. ಕೈಯಲ್ಲಿ ಕಾಸಿಲ್ಲದವರಿಗಾಗಿ ಉಳಿದವರು ಹಣ ಕೂಡಿಸಿದ್ದರು. ಅವರಲ್ಲೊಬ್ಬರು ಎದ್ದು ನಿಂತು, ಈ ಹೊತ್ತಿನಲ್ಲಿ ಮಾಟ್ಸ್‌ಗಾಗಿ ಎಲ್ಲೆಲ್ಲಿ ಮೇಣದಬತ್ತಿ ಉರಿಯುತ್ತಿದೆ ಎಂದು ಹೇಳುತ್ತ ಹೋದರು: ನೆದರ್ಲೆಂಡ್ಸ್‌ನ ಒಂದು ತರಗತಿಯಲ್ಲಿ, ಐರ್ಲೆಂಡಿನ ಕಾಲ್ ಸೆಂಟರಿನಲ್ಲಿ, ಸ್ವೀಡನ್ನಿನ ಗ್ರಂಥಾಲಯದಲ್ಲಿ. ಮಗನಿಗೆ ಯಾರೂ ಇರಲಿಲ್ಲ ಎಂದುಕೊಂಡಿದ್ದ ಅಪ್ಪ ಅಮ್ಮ ಮುಂದೆಯೇ ಕುಳಿತು ಇದನ್ನು ಕೇಳಿಸಿಕೊಂಡರು.

ರಾಬರ್ಟ್ ಆ ನಾಲ್ಕು ಸಾಲು ಬರೆಯದಿದ್ದರೆ? ಇಬೆಲಿನ್ ಇವತ್ತೇಕೆ ಬಂದಿಲ್ಲ ಎಂದು ಗಿಲ್ಡ್‌ನವರು ಕೆಲವು ದಿನ ಕಾಯುತ್ತಿದ್ದರು. ಬೇಸರವಾಗಿ ಬಿಟ್ಟನೇನೋ, ಹಳೆಯ ಜಗಳ ಮನಸ್ಸಿನಲ್ಲಿತ್ತೇನೋ ಎಂದುಕೊಳ್ಳುತ್ತಿದ್ದರು. ಆಟ ಬಿಟ್ಟವನೂ ಸತ್ತವನೂ ಪರದೆಯ ಮೇಲೆ ಒಂದೇ ರೀತಿ 'ಆಫ್‌ಲೈನ್'. ಸುದ್ದಿ ಸಿಗದವರಿಗೆ ಅಳುವ ಅವಕಾಶವೂ ಇಲ್ಲ.

'ಈವ್ ಆನ್‌ಲೈನ್' ಆಟದಲ್ಲಿ ಮಾತ್ರ ಸುದ್ದಿ ಬೇರೆಯದೇ ರೀತಿಯಲ್ಲಿ ಬಂತು. ಅಲ್ಲಿ 'ವೈಲ್ ರ‍್ಯಾಟ್' ಎಂದು ಹೆಸರಾಗಿದ್ದ ಸೀನ್ ಸ್ಮಿತ್ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿ. 2012ರ ಸೆಪ್ಟೆಂಬರ್ 11ರಂದು ಲಿಬಿಯಾದ ಬೆಂಗಾಜಿಯಲ್ಲಿ ದಾಳಿಯಾದಾಗ ಅವರು ಗೆಳೆಯರೊಂದಿಗೆ ಚಾಟ್‌ನಲ್ಲಿದ್ದರು. ಗುಂಡಿನ ಸದ್ದು ಎಂದು ಟೈಪ್ ಮಾಡಿದರು, ಆಮೇಲೆ ಸಂಪರ್ಕ ಕಡಿಯಿತು. ಮುಂದಿನ ದಿನಗಳಲ್ಲಿ ಆಟದೊಳಗಿನ ನೂರಾರು ಬಾಹ್ಯಾಕಾಶ ನಿಲ್ದಾಣಗಳಿಗೆ ಅವರ ಹೆಸರು ಬಂತು. ಸದಾ ಹೊಡೆದಾಡುವ ಎದುರಾಳಿಗಳೂ ತಮ್ಮ ನಿಲ್ದಾಣಗಳ ಹೆಸರು ಬದಲಿಸಿದ್ದರು.

ಎಲ್ಲ ಕಡೆ ಹೀಗೇ ಎಂದಲ್ಲ. 2006ರಲ್ಲಿ ವಾರ್‌ಕ್ರಾಫ್ಟ್‌ನಲ್ಲೇ, ತೀರಿಕೊಂಡ ಆಟಗಾರ್ತಿಯೊಬ್ಬಳಿಗೆ ಅವಳಿಷ್ಟದ ಹಿಮದ ನಾಡಿನಲ್ಲಿ ಗೆಳೆಯರು ಸಾಲಾಗಿ ನಿಂತು ಶ್ರದ್ಧಾಂಜಲಿ ಸಲ್ಲಿಸುತ್ತಿದ್ದಾಗ ಎದುರಾಳಿ ಗಿಲ್ಡ್ ನುಗ್ಗಿ ಎಲ್ಲರನ್ನೂ ಕೊಂದುಹಾಕಿತು. ಅದರ ವಿಡಿಯೊ ಮಾಡಿ ಹಂಚಿತು. ಅದು ಕಾಳಗದ ಜಾಗ, ನಿಯಮದಂತೆ ತಪ್ಪಿಲ್ಲ ಎಂದು ಸಮರ್ಥಿಸಿದವರಿದ್ದರು. ನಿಯಮ ಮುರಿಯದೆಯೂ ಕ್ರೂರವಾಗಿ ನಡೆದುಕೊಳ್ಳಬಹುದು, ಅಂದು ಆದದ್ದು ಅದೇ.

ನಮ್ಮ ಪತ್ರಿಕೆಗಳಲ್ಲಿ ಆನ್‌ಲೈನ್ ಗೇಮ್ ಎಂದರೆ ಬಹುಪಾಲು ರಮ್ಮಿ, ಸಾಲ, ಮುರಿದ ಮನೆ. ಆ ಸಂಕಟ ನಿಜ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ್ದೂ ಅದಕ್ಕೇ. ಆದರೆ ಹೆಡ್‌ಫೋನ್ ಹಾಕಿಕೊಂಡು ನಡುರಾತ್ರಿ ಯಾರೊಂದಿಗೋ ನಗುವ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಇನ್ನೂ ಎಷ್ಟೊತ್ತು ಎಂದು ಗದರುವ ನಾವು, ಆ ಕಡೆ ಇರುವವರು ಯಾರು ಎಂದು ಕೇಳುವುದು ಅಪರೂಪ.

ಸ್ಟಾರ್‌ಲೈಟ್ ತನ್ನ ಸದಸ್ಯರ ಮಾತುಕತೆಯನ್ನು ದಾಖಲಿಸಿ ಇಟ್ಟುಕೊಂಡಿತ್ತು. ಅದೇ ಸಾವಿರಾರು ಪುಟಗಳಿಂದ ನಿರ್ದೇಶಕ ಬೆಂಜಮಿನ್ ರೀ 'ದಿ ರಿಮಾರ್ಕಬಲ್ ಲೈಫ್ ಆಫ್ ಇಬೆಲಿನ್' ಸಾಕ್ಷ್ಯಚಿತ್ರ ಮಾಡಿದರು. ಮಾಟ್ಸ್ ನಿಜಕ್ಕೂ ಆಡಿದ ಮಾತುಗಳೇ ಅದರಲ್ಲಿ ಆಟದ ದೃಶ್ಯಗಳಾಗಿ ಮೂಡಿವೆ. 2024ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಅದಕ್ಕೆ ನಿರ್ದೇಶನದ ಪ್ರಶಸ್ತಿಯೂ ಪ್ರೇಕ್ಷಕರ ಪ್ರಶಸ್ತಿಯೂ ಬಂದವು. ಅದೇ ವರ್ಷ ಆಟದ ಕಂಪನಿ ಬ್ಲಿಜರ್ಡ್ ಇಬೆಲಿನ್‌ನ ನೆನಪಿಗೆ ರೆವೆನ್ ಎಂಬ ನರಿಮರಿಯನ್ನು ಆಟದಲ್ಲಿ ಮಾರಾಟಕ್ಕೆ ಇಟ್ಟಿತು. ಅದರ ಹಣ ಡುಶೆನ್ ಕಾಯಿಲೆಗೆ ಮದ್ದು ಹುಡುಕಲು ದುಡಿಯುವ ಕ್ಯೂರ್‌ಡುಶೆನ್ ಸಂಸ್ಥೆಗೆ. ಸ್ಟಾರ್‌ಲೈಟ್‌ನವರು ಮಾತ್ರ ತಮ್ಮದೇ ಪದ್ಧತಿ ಇಟ್ಟುಕೊಂಡಿದ್ದಾರೆ. ಪ್ರತಿವರ್ಷ ಅವನ ನೆನಪಿನ ದಿನ ಎಲ್ಲರೂ ಲಾಗಿನ್ ಆಗಿ ಒಟ್ಟಿಗೆ ಓಡುತ್ತಾರೆ.