ನೀರು ಕೇಳದ ಐಷರ್, ಕೀಲಿ ಕೊಡುವ ಎಚ್‌ಎಂಟಿ

ಮುಧೋಳ, ಜಮಖಂಡಿ, ಅಥಣಿ ಸೀಮೆಯಲ್ಲಿ ಹಳೆ ಟ್ರ್ಯಾಕ್ಟರ್ ಇದ್ದ ಮನೆ ಹುಡುಕುವುದು ಸುಲಭ. ಅಂಗಳ ಎಷ್ಟೇ ಸಪಾಟಿರಲಿ, ಗಾಡಿ ಮಾತ್ರ ಇಳಿಜಾರಿನಲ್ಲಿ, ಗಾಲಿಗೆ ಕಲ್ಲು ಕೊಟ್ಟು ನಿಂತಿರುತ್ತದೆ. ಬ್ಯಾಟರಿ ಕೈಕೊಟ್ಟ ದಿನ ಕಲ್ಲು ಸರಿಸಿ, ಉರುಳುತ್ತಿರುವಾಗಲೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಇಂಜಿನ್ ಹಿಡಿದುಕೊಳ್ಳುತ್ತದೆ.

ಈ ಮಾಲೀಕರ ಮಾತು ಕೇಳಬೇಕಾದರೆ ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಮುಂದೆ ಹೋಗಬೇಕು. ಕಾಟಾ ತಲುಪಲು ರಾತ್ರಿಯಿಡೀ ಪಾಳಿ. ಚಹಾ ಬಂತೆಂದರೆ ಕಂಪನಿ ಕಂಪನಿಗಳ ಜಗಳ ಶುರು. 1959ರಲ್ಲಿ ಫರೀದಾಬಾದಿನಲ್ಲಿ ತಯಾರಾಗಿ, ದೇಶದಲ್ಲೇ ಮೊದಲು ಕಟ್ಟಿದ ಟ್ರ್ಯಾಕ್ಟರ್ ನಮ್ಮದು ಎಂದು ಐಷರ್‌ನವರ ಹೆಮ್ಮೆ. ಅದರ ಹಳೆ ಮಾದರಿಗೆ ಒಂದೇ ಸಿಲಿಂಡರ್. ಗಾಳಿಯಿಂದಲೇ ತಣಿಯುವ ಇಂಜಿನ್, ರೇಡಿಯೇಟರೇ ಇಲ್ಲ. ನೀರು ಬೇಡುವ ಮ್ಯಾಸ್ಸಿ ಟ್ರ್ಯಾಕ್ಟರಿನವರನ್ನು ಕೆಣಕಲು ಅವರಿಗೆ ಇಷ್ಟೇ ಸಾಕು.

"ಮಾವಾ, ನಿನ್ನ ಮ್ಯಾಸ್ಸಿಗೆ ನೀರ ಕುಡಿಸಿದೇನು? ನಮ್ಮದು ಬರೇ ಗಾಳಿ ಮ್ಯಾಲ ಇರತೈತಿ."

"ಮೂರು ಸಿಲಿಂಡರ್ ಮಾಡೂ ಕೆಲಸ ಒಬ್ಬನ ತಲಿ ಮ್ಯಾಲ ಹೊರಿಸೀರಿ ಅಳಿಯಾ. ಅದಕ್ಕ ಊರ ತುಂಬ ಡುಗುಡುಗು ಒದರತೈತಿ."

ಅದೇ ಮ್ಯಾಸ್ಸಿ ನಡುದಾರಿಯಲ್ಲಿ ಏರ್ ಹಿಡಿದು ನಿಂತರೆ ಮೊದಲು ಪಾನಾ ಹಿಡಿದು ಬರುವವನು ಈ ಅಳಿಯನೇ. ಟ್ಯಾಂಕ್ ಬರಿದಾದಾಗ ಪೈಪಿಗೆ ಗಾಳಿ ನುಗ್ಗಿರುತ್ತದೆ. ಆಮೇಲೆ ಎಷ್ಟು ಡೀಸೆಲ್ ಸುರಿದರೂ ಇಂಜಿನ್ ಏಳದು. ಫಿಲ್ಟರಿನ ನೆತ್ತಿಯ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತಾ ಹೋದಂತೆ ಮೊದಲು ಬಿಳಿ ನೊರೆ, ಆಮೇಲೆ ಗುಳ್ಳೆ. ಗುಳ್ಳೆ ನಿಂತು ಡೀಸೆಲ್ ಒಂದೇ ಧಾರೆಯಾಗಿ ಹರಿದಾಗ ಸ್ಕ್ರೂ ಬಿಗಿಯಬೇಕು. ಟಾರ್ಚ್ ಹಿಡಿದು ನಿಂತ ಹುಡುಗ ಈ ವಿದ್ಯೆ ಕಲಿಯುವುದು ಅಲ್ಲಿಯೇ. ಹಳೆ ಗಾಡಿಗಳನ್ನು ಇವರು ಮಾರದೆ ಇಟ್ಟುಕೊಂಡಿರುವುದಕ್ಕೆ ದುಡ್ಡಿಗಿಂತ ದೊಡ್ಡ ಕಾರಣ ಇದು ಎಂದೇ ನನ್ನ ಎಣಿಕೆ: ಕೆಟ್ಟದ್ದನ್ನು ತಾವೇ ಬಿಚ್ಚಿ ನೋಡಬಹುದು.

ಎಚ್‌ಎಂಟಿಯವರ ಪಾಡು ಬೇರೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸರ್ಕಾರಿ ಕಂಪನಿ, 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದ ಟ್ರ್ಯಾಕ್ಟರ್ ಕಟ್ಟಿತು. ಮೊದಲ ಮಾದರಿ 2511ರದ್ದು 25 ಅಶ್ವಶಕ್ತಿ. ಆ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಹೀಗಾಗಿ ಎಲ್ಲಾದರೂ ಕೆಟ್ಟು ನಿಂತ ಎಚ್‌ಎಂಟಿ ಮಾರಾಟಕ್ಕಿದೆ ಎಂಬ ಸುದ್ದಿ ಬಂದರೆ, ಗುಜರಿಯವನಿಗಿಂತ ಮೊದಲೇ ಓಡುವವನು ಇನ್ನೊಂದು ಎಚ್‌ಎಂಟಿಯ ಯಜಮಾನ. ಬಿಡಿಭಾಗ ಬೇಕಲ್ಲ!

"ಕಾಕಾ, ನಿನ್ನ ಕೈಗಡಿಯಾರನೂ ಎಚ್‌ಎಂಟಿ, ಗಾಡಿನೂ ಎಚ್‌ಎಂಟಿ. ಮುಂಜಾನೆ ಯಾವುದಕ್ಕ ಮೊದಲ ಕೀಲಿ ಕೊಡತಿ?" ಎಂದು ಹೊಸ ಗಾಡಿಯ ಹುಡುಗ ಕೆಣಕುತ್ತಾನೆ.

"ಎರಡೂ ನಡದಾವಪ್ಪಾ. ನಿನ್ನ ಗಾಡಿ ಕಂತು ಮುಗೀತೇನು?"