ಕಾಯಿಲಿನ ಓಮ್, ಬ್ಯಾಟರಿಯ ತ್ರಾಣ

ಗಲ್ಫಿನಿಂದ ಬರುವ ಮಕ್ಕಳ ಜೇಬಿನಲ್ಲಿ ಇ-ಸಿಗರೇಟು ಕಂಡರೆ ಈ ಲೆಕ್ಕ ತಿಳಿದಿರಲಿ. ಅದರೊಳಗಿನ ಕಾಯಿಲ್ ಬ್ಯಾಟರಿಯಿಂದ ಕಾದು ನಿಕೋಟಿನ್ ದ್ರವವನ್ನು ಆವಿ ಮಾಡುತ್ತದೆ. ಪೂರ್ತಿ ಚಾರ್ಜಾದ ಲಿಥಿಯಂ ಬ್ಯಾಟರಿ 4.2 ವೋಲ್ಟ್. ಅದನ್ನು ಕಾಯಿಲಿನ ಓಮಿನಿಂದ ಭಾಗಿಸಿ: 1 ಓಮಿಗೆ 4.2 ಆಂಪಿಯರ್, 0.2 ಓಮಿಗೆ 21. ಹೊಗೆ ಜಾಸ್ತಿ ಬರಲೆಂದು ಹುಡುಗರು ಓಮ್ ಇಳಿಸುತ್ತಾರೆ. ಲ್ಯಾಪ್‌ಟಾಪಿನಿಂದ ಕಿತ್ತ ಹಳೆ ಬ್ಯಾಟರಿಗೆ ಅಷ್ಟು ತ್ರಾಣವೆಲ್ಲಿ? ತೆಳು ವಯರಿಗೆ 5 ಎಚ್.ಪಿ. ಪಂಪು ಜೋಡಿಸಿದಂತೆ. ಪಂಪಿಗಾದರೂ ಫ್ಯೂಸ್ ಉಂಟು. ನಿಯಂತ್ರಣ ಸರ್ಕಿಟ್ ಇಲ್ಲದ ಇ-ಸಿಗರೇಟಿನಲ್ಲಿ ಬ್ಯಾಟರಿಯೇ ಸಿಡಿಯಬಹುದು. 2018ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಇ-ಸಿಗರೇಟು ಸಿಡಿದು ಒಬ್ಬರು ಸತ್ತರು. ಲೆಕ್ಕ ಸರಿಯಿದ್ದರೂ ನಿಕೋಟಿನಿನ ಚಟ ಬಿಡದು. ಭಾರತದಲ್ಲಿ 2019ರಿಂದ ಇದರ ಮಾರಾಟ, ಆಮದು ನಿಷಿದ್ಧ. ಸಿಕ್ಕಿದ ಬ್ಯಾಟರಿಯನ್ನು ಒಲೆಗೆ ಹಾಕಬೇಡಿ. ಎರಡೂ ತುದಿಗೆ ಇನ್ಸುಲೇಶನ್ ಟೇಪು ಅಂಟಿಸಿ, ಹರಿತ ಕರ್ಮ ಸೇನೆಯವರು ಇ-ತ್ಯಾಜ್ಯ ಸಂಗ್ರಹಿಸುವಾಗ ಕೊಡಿ.